ಸ್ಮಾರ್ಟ್‌ಫೋನಿನಲ್ಲಿ ಅಮೂರ್ತ ಛಾಯಾಚಿತ್ರ: ತೆಗೆಯುವಾಗ ಏನು ನೋಡಬೇಕು, ತಿದ್ದುವಾಗ ಎಲ್ಲಿ ನಿಲ್ಲಿಸಬೇಕು?

ಗೆರೆನೆರಳು (ಪ್ರಶ್ನೆ):

ಬಳಗದ ಎಲ್ಲರಿಗೂ ನಮಸ್ಕಾರ.

ಕೆಲವು ತಿಂಗಳಿಂದ ಫೋನಿನ ಕ್ಯಾಮೆರಾದಲ್ಲಿಯೇ ಅಮೂರ್ತ ಚಿತ್ರಗಳನ್ನು ತೆಗೆಯುವ ಅಭ್ಯಾಸ ಮಾಡಿಕೊಂಡಿದ್ದೇನೆ. ಎದುರಿಗಿರುವ ವಸ್ತು ಯಾವುದೆಂಬುದು ಹಿಂದೆ ಸರಿದು, ಗೆರೆ, ಬಣ್ಣ, ನೆರಳು, ಮೇಲ್ಮೈಯ ಒರಟು ನುಣುಪುಗಳಷ್ಟೇ ಕಣ್ಣಿನಲ್ಲಿ ಉಳಿಯುವ ಚಿತ್ರಗಳು ನನಗೆ ಮೊದಲಿನಿಂದಲೂ ಪ್ರಿಯ. ಬಣ್ಣ ಎದ್ದ ಗೋಡೆ, ತುಕ್ಕು ಹಿಡಿದ ತಗಡು, ಮೆಟ್ಟಿಲಿನ ಮೇಲೆ ಬಿದ್ದ ಕಂಬಿಗಳ ನೆರಳು, ಗಾಜಿನ ಮೇಲೆ ನಿಂತ ನೀರಹನಿ ಇಂಥವನ್ನೇ ಹೆಚ್ಚಾಗಿ ತೆಗೆಯುತ್ತೇನೆ. ಬೇರೆ ಕ್ಯಾಮೆರಾ ಕೊಳ್ಳುವ ಉದ್ದೇಶವಿಲ್ಲ. ಕೈಯಲ್ಲಿರುವ ಫೋನಿನಿಂದ ಸಾಧ್ಯವಾಗುವುದನ್ನೆಲ್ಲ ಚೆನ್ನಾಗಿ ಕಲಿಯಬೇಕೆಂಬುದು ನನ್ನ ಆಸೆ.

ನನ್ನ ತೊಡಕುಗಳನ್ನು ಹೇಳುತ್ತೇನೆ. ಮೊದಲನೆಯದಾಗಿ, ಕಣ್ಣಿಗೆ ಕಡುಗಪ್ಪಾಗಿ ಕಾಣುವ ನೆರಳು ಉಳಿಸಿದ ಚಿತ್ರದಲ್ಲಿ ಬೂದುಬಣ್ಣಕ್ಕೆ ತಿರುಗಿರುತ್ತದೆ. ಫೋನು ತಾನಾಗಿಯೇ ನೆರಳನ್ನು ಬೆಳಗಿಸಿಬಿಡುತ್ತದೆ. ಎರಡನೆಯದಾಗಿ, ವಸ್ತುವಿಗೆ ತೀರಾ ಹತ್ತಿರ ಹೋದಾಗ ಫ್ರೇಮು ಇದ್ದಕ್ಕಿದ್ದಂತೆ ಜಿಗಿದು, ನಾನು ಜೋಡಿಸಿಕೊಂಡಿದ್ದ ಗೆರೆಗಳೆಲ್ಲ ಜಾಗ ಬದಲಿಸುತ್ತವೆ. ಮೂರನೆಯದು ಎಡಿಟಿಂಗ್. ಕಾಂಟ್ರಾಸ್ಟ್ (ಕಪ್ಪು ಬಿಳುಪಿನ ಅಂತರ), ಸ್ಯಾಚುರೇಶನ್ (ಬಣ್ಣದ ಗಾಢತೆ), ಸ್ಟ್ರಕ್ಚರ್ (ಮೇಲ್ಮೈಯ ವಿವರ ಎದ್ದು ತೋರುವುದು) ಇವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದಂತೆ ಚಿತ್ರಕ್ಕೆ ಜೀವ ಬಂದಂತೆ ತೋರುತ್ತದೆ, ಆದರೆ ಮರುದಿನ ನೋಡಿದರೆ ಕಣ್ಣಿಗೆ ರಾಚುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಗೆ ತಿಳಿಯುವುದು?

ಕೊನೆಯದು ತಾಂತ್ರಿಕವಲ್ಲ, ಆದರೆ ನನ್ನನ್ನು ಹೆಚ್ಚು ಕಾಡುವುದು ಅದೇ. ಚಿತ್ರವನ್ನು ತೋರಿಸಿದಾಗ ಎಲ್ಲರೂ ಮೊದಲು ಕೇಳುವುದು "ಇದೇನು?" ಎಂದು. ಉತ್ತರ ಹೇಳಿದೊಡನೆ ಅವರ ಆಸಕ್ತಿ ಮುಗಿಯುತ್ತದೆ. ವಸ್ತುವಿನ ಗುರುತು ತಿಳಿದ ಮೇಲೂ ನೋಡಿಸಿಕೊಳ್ಳುವ ಚಿತ್ರವನ್ನು ತೆಗೆಯುವುದು ಹೇಗೆ?

---

ಹಗಲುಬೆಳಕು:

ತಮ್ಮ ಮೊದಲ ತೊಡಕಿಗೆ ಕಾರಣ ಇದು: ಇಂದಿನ ಫೋನು ಒಂದು ಚಿತ್ರವನ್ನು ತೆಗೆಯುವುದಿಲ್ಲ, ಬೇಗಬೇಗನೆ ಹಲವು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ಎಚ್‌ಡಿಆರ್ ಎಂದು ಕರೆಯುವ ಈ ಕ್ರಮದ ಗುರಿ ಮುಖವೂ ಆಕಾಶವೂ ಒಟ್ಟಿಗೆ ಕಾಣುವಂತೆ ಮಾಡುವುದು. ಹಾಗಾಗಿ ಕತ್ತಲೆಯ ಭಾಗವನ್ನು ಕಂಡೊಡನೆ ಅದನ್ನು ದೋಷವೆಂದು ಎಣಿಸಿ ಬೆಳಗಿಸುತ್ತದೆ. ಕುಟುಂಬದ ಚಿತ್ರಕ್ಕೆ ಇದು ಉಪಕಾರ. ನೆರಳಿನ ಅಂಚನ್ನೇ ನಂಬಿಕೊಂಡ ಅಮೂರ್ತ ಚಿತ್ರಕ್ಕೆ ಮಾತ್ರ ದೊಡ್ಡ ಪೆಟ್ಟು.

ಪರಿಹಾರ ಮೂರು ಹಂತಗಳಲ್ಲಿದೆ. ಎಲ್ಲಕ್ಕಿಂತ ಸುಲಭವಾದದ್ದು, ಚಿತ್ರದ ಅತಿ ಬೆಳಕಿನ ಭಾಗದ ಮೇಲೆ ಬೆರಳನ್ನು ಒತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಎರಡನ್ನೂ ಲಾಕ್ ಮಾಡಿ, ಅನಂತರ ಎಕ್ಸ್‌ಪೋಷರನ್ನು ಕೆಳಗೆ ಎಳೆಯುವುದು. ಒಂದು ಸ್ಟಾಪಿನಿಂದ ಒಂದೂವರೆ ಸ್ಟಾಪಿನವರೆಗೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿದರೆ ನೆರಳು ಮತ್ತೆ ನೆರಳಾಗುತ್ತದೆ, ಬೆಳಕಿನ ಭಾಗದ ವಿವರವೂ ಸುಟ್ಟುಹೋಗದೆ ಉಳಿಯುತ್ತದೆ. ಎರಡನೆಯದಾಗಿ, ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಆರ್ ಸ್ವಿಚ್ ಇದ್ದರೆ ಅದನ್ನು ಆಫ್ ಮಾಡಿ. ಕೆಲವು ಹೊಸ ಮಾದರಿಗಳಲ್ಲಿ ಆ ಸ್ವಿಚ್ಚನ್ನೇ ತೆಗೆದುಹಾಕಿದ್ದಾರೆ. ಮೂರನೆಯದು ರಾ ಫೈಲ್, ಅಂದರೆ ಸೆನ್ಸರಿನ ದತ್ತಾಂಶವನ್ನು ಹೆಚ್ಚು ತಿದ್ದದೆ ಉಳಿಸಿದ ಫೈಲು. ಆಂಡ್ರಾಯ್ಡ್ ಫೋನುಗಳಲ್ಲಿ ಅನೇಕಕ್ಕೆ ಎಲ್ಲವನ್ನೂ ಕೈಯಾರೆ ನಿಗದಿಪಡಿಸುವ ಪ್ರೊ ಮೋಡ್ ಇರುತ್ತದೆ, ಇಲ್ಲವಾದರೆ ಲೈಟ್‌ರೂಮ್ ಮೊಬೈಲ್ ಆ್ಯಪಿನ ಒಳಗಿನ ಕ್ಯಾಮೆರಾವನ್ನು ಬಳಸಿ ಡಿಎನ್‌ಜಿ ಎಂಬ ರಾ ರೂಪದಲ್ಲಿ ಚಿತ್ರ ಉಳಿಸಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ: ಎಲ್ಲ ರಾ ಫೈಲುಗಳೂ ಒಂದೇ ಬಗೆಯವಲ್ಲ. ಆ್ಯಪಲ್ 2020ರಲ್ಲಿ ಐಫೋನ್ 12 ಪ್ರೊ ಮಾದರಿಗಳೊಂದಿಗೆ ತಂದ ಪ್ರೊರಾ ಎಂಬುದು ಹಲವು ಚಿತ್ರಗಳನ್ನು ಕೂಡಿಸಿದ ನಂತರದ ಫೈಲು. ತಿದ್ದಲು ಅದರಲ್ಲಿ ಅವಕಾಶ ಹೆಚ್ಚಿದ್ದರೂ ಫೋನಿನ ಕೈ ಅದರೊಳಗೆ ಆಗಲೇ ಆಡಿರುತ್ತದೆ. ಸೆನ್ಸರ್ ಕಂಡದ್ದು ಕಂಡಂತೆಯೇ ಬೇಕೆಂದರೆ ಹ್ಯಾಲೈಡ್‌ನಂಥ ಬೇರೆ ಕ್ಯಾಮೆರಾ ಆ್ಯಪಿನ ಮೂಲಕ ಒಂದೇ ಎಕ್ಸ್‌ಪೋಷರಿನ ರಾ ತೆಗೆಯಬೇಕು.

ಇನ್ನು ಫ್ರೇಮು ಜಿಗಿಯುವ ವಿಚಾರ. ಮುಖ್ಯ ಲೆನ್ಸಿಗೆ ಹತ್ತಿರದ ವಸ್ತು ಫೋಕಸ್ ಆಗದಿದ್ದಾಗ ಫೋನು ತಾನೇ ಹೆಚ್ಚು ಅಗಲದ ನೋಟದ ಅಲ್ಟ್ರಾವೈಡ್ ಲೆನ್ಸಿಗೆ ಬದಲಾಗುತ್ತದೆ. ಎರಡು ಲೆನ್ಸುಗಳೂ ಬೇರೆ ಬೇರೆ ಜಾಗದಲ್ಲಿರುವುದರಿಂದ ನೋಟದ ಕೋನವೇ ಬದಲಾಗಿ, ಹತ್ತಿರದ ಗೆರೆಗಳೆಲ್ಲ ಸ್ಥಳಾಂತರವಾಗುತ್ತವೆ. ಐಫೋನಿನ ಪ್ರೊ ಮಾದರಿಗಳಲ್ಲಿ ಮ್ಯಾಕ್ರೊ ಕಂಟ್ರೋಲ್ ಎಂಬ ಆಯ್ಕೆಯನ್ನು ಆನ್ ಮಾಡಿಕೊಂಡರೆ ಪರದೆಯ ಮೂಲೆಯಲ್ಲಿ ಹೂವಿನ ಚಿಹ್ನೆ ಬರುತ್ತದೆ. ಅದನ್ನು ಒತ್ತಿ ಈ ಬದಲಾವಣೆಯನ್ನು ತಡೆಯಬಹುದು. ಆದರೆ ನನ್ನ ಸಲಹೆ, ಅಷ್ಟು ಹತ್ತಿರ ಹೋಗುವುದನ್ನೇ ಕಡಿಮೆ ಮಾಡಿ. 2 ಸೆಂಟಿಮೀಟರ್ ದೂರದಲ್ಲಿ ಫೋನಿನದೇ ನೆರಳು ವಸ್ತುವಿನ ಮೇಲೆ ಬೀಳುತ್ತದೆ, ಅಂಚುಗಳು ಹಿಗ್ಗುತ್ತವೆ. ಅದರ ಬದಲು ಒಂದೆರಡು ಗೇಣು ಹಿಂದೆ ಸರಿದು 2ಎಕ್ಸ್ ಆಯ್ದುಕೊಳ್ಳಿ. 48 ಮೆಗಾಪಿಕ್ಸೆಲ್ ಸೆನ್ಸರ್ ಇರುವ ಹಲವು ಫೋನುಗಳಲ್ಲಿ 2ಎಕ್ಸ್ ಎಂದರೆ ಸೆನ್ಸರಿನ ನಡುಭಾಗದ 12 ಮೆಗಾಪಿಕ್ಸೆಲ್‌ಗಳೇ ಆದ್ದರಿಂದ ಅದು ಬರಿಯ ಹಿಗ್ಗಿಸಿದ ಚಿತ್ರವಲ್ಲ. ಹಿಂದೆ ನಿಂತು ತೆಗೆದಾಗ ಆಳ ಕಡಿಮೆಯಾಗಿ ಎಲ್ಲವೂ ಒಂದೇ ತಳದ ಮೇಲೆ ಹರಡಿದಂತೆ ಕಾಣುತ್ತದೆ, ಅಮೂರ್ತ ಚಿತ್ರಕ್ಕೆ ಬೇಕಾದದ್ದೂ ಬಹುಮಟ್ಟಿಗೆ ಅದೇ.

ಗೋಡೆ, ತಗಡುಗಳನ್ನು ತೆಗೆಯುವಾಗ ಗ್ರಿಡ್ ಮತ್ತು ಲೆವೆಲ್ ಎರಡನ್ನೂ ಆನ್ ಮಾಡಿಟ್ಟುಕೊಂಡು ಫೋನನ್ನು ಮೇಲ್ಮೈಗೆ ಸಮಾನಾಂತರವಾಗಿ ಹಿಡಿಯಿರಿ. ಅರ್ಧ ಡಿಗ್ರಿ ವಾಲಿದ ಗೆರೆ ಭೂದೃಶ್ಯದಲ್ಲಿ ಕ್ಷಮಾರ್ಹ, ಇಲ್ಲಿ ಅಲ್ಲ. ಲೆನ್ಸನ್ನು ಒರೆಸಿಕೊಳ್ಳುವುದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಬೆರಳಿನ ಜಿಡ್ಡು ಕಪ್ಪನ್ನು ಬೂದು ಮಾಡುವುದರಲ್ಲಿ ಎಚ್‌ಡಿಆರ್‌ಗಿಂತ ಹಿಂದೆ ಬೀಳುವುದಿಲ್ಲ.

---

ಕಂಬಿನೆರಳು:

ತಾಂತ್ರಿಕ ವಿಷಯಗಳನ್ನು ಹಗಲುಬೆಳಕು ಅವರು ಚೆನ್ನಾಗಿ ವಿವರಿಸಿದ್ದಾರೆ. ನಾನು ತಮ್ಮ ಕೊನೆಯ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಮೂರನೆಯ ಪ್ರಶ್ನೆಗೆ ಉತ್ತರವೂ ಅದರೊಳಗೇ ಇದೆ ಎಂಬುದು ನನ್ನ ದೃಢವಾದ ನಂಬಿಕೆ.

"ಇದೇನು?" ಎಂಬ ಪ್ರಶ್ನೆಗೆ ಉತ್ತರ ಸಿಕ್ಕೊಡನೆ ಮುಗಿದುಹೋಗುವ ಚಿತ್ರ ಒಂದು ಒಗಟು. ಒಗಟಿಗೆ ಬಿಡಿಸುವವರೆಗೆ ಮಾತ್ರ ಆಯುಷ್ಯ. ವಸ್ತುವನ್ನು ಮರೆಮಾಚುವುದೇ ಅಮೂರ್ತತೆ ಎಂದುಕೊಂಡಾಗ ನಾವು ಒಗಟುಗಳನ್ನು ತಯಾರಿಸತೊಡಗುತ್ತೇವೆ. ಛಾಯಾಗ್ರಾಹಕ ಪಾಲ್ ಸ್ಟ್ರ್ಯಾಂಡ್ 1916ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಒಂದು ಮನೆಯ ಜಗಲಿಯಲ್ಲಿ ತೆಗೆದ ಚಿತ್ರವನ್ನು ಹುಡುಕಿ ನೋಡಿ: ಜಗಲಿಯ ಕಟಕಟೆಯ ನೆರಳು ದುಂಡು ಮೇಜಿನ ಮೇಲೆ ಬಿದ್ದಿದೆ, ಅಷ್ಟೆ. ಅದು ನೆರಳು, ಅದು ಮೇಜು ಎಂದು ತಿಳಿಯಲು ಯಾರಿಗೂ ಹೆಚ್ಚು ಹೊತ್ತು ಬೇಕಿಲ್ಲ. ತಿಳಿದ ಮೇಲೂ ಕಣ್ಣು ಅಲ್ಲಿಂದ ಕದಲುವುದಿಲ್ಲ, ಏಕೆಂದರೆ ಆ ಓರೆ ಪಟ್ಟಿಗಳು ಮೇಜಿನ ಬಾಗಿದ ಅಂಚನ್ನು ಕತ್ತರಿಸುವ ರೀತಿಯಲ್ಲಿಯೇ ಚಿತ್ರದ ಬಿಗಿ ಇದೆ. 1922ರಿಂದ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ತೆಗೆದ ಮೋಡಗಳ ಚಿತ್ರಗಳಲ್ಲಂತೂ ಮರೆಮಾಚಿದ್ದು ಏನೂ ಇಲ್ಲ. ಅವು ಮೋಡಗಳೆಂದು ಮಗುವಿಗೂ ಗೊತ್ತಾಗುತ್ತದೆ. ಹಲವು ಚಿತ್ರಗಳಲ್ಲಿ ಅವರು ದಿಗಂತವನ್ನು ಬಿಟ್ಟರು, ಅದರೊಂದಿಗೆ ಮೇಲೆ ಕೆಳಗೆ ಎಂಬ ಆಧಾರವೂ ಹೋಯಿತು. ಆರನ್ ಸಿಸ್ಕಿಂಡ್ 1940ರ ದಶಕದಿಂದ ಮುಂದೆ ತೆಗೆದದ್ದು ತಾವು ತೆಗೆಯುವಂಥ ಗೋಡೆಗಳನ್ನೇ, ಎದ್ದ ಬಣ್ಣವನ್ನೇ, ಹರಿದ ಭಿತ್ತಿಪತ್ರಗಳನ್ನೇ.

ಹಾಗಾದರೆ ಮಾಡಬೇಕಾದದ್ದೇನು? ಶಟರ್ ಒತ್ತುವ ಮೊದಲು ಒಂದು ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ, ಮತ್ತು ಆ ವಾಕ್ಯದಲ್ಲಿ ವಸ್ತುವಿನ ಹೆಸರು ಬರಬಾರದು. "ಬಣ್ಣ ಎದ್ದ ಗೋಡೆ" ಎಂಬುದು ಚಿತ್ರವಲ್ಲ. "ಎಡಗಡೆಯಿಂದ ಬರುವ ತೆಳುವಾದ ಗೆರೆಯೊಂದು ನಡುವಿನ ದೊಡ್ಡ ಕಪ್ಪನ್ನು ಮುಟ್ಟದೆ ಹತ್ತಿರದಲ್ಲೇ ನಿಲ್ಲುತ್ತದೆ" ಎಂಬುದು ಚಿತ್ರ. ಅಂಥ ವಾಕ್ಯ ಸಿಗದಿದ್ದರೆ, ಎದುರಿಗಿರುವ ಮೇಲ್ಮೈ ಎಷ್ಟೇ ಸೊಗಸಾಗಿದ್ದರೂ ಅಲ್ಲಿ ಚಿತ್ರ ಇನ್ನೂ ಆಗಿಲ್ಲವೆಂದು ತಿಳಿಯಿರಿ. ಕಾಲನ್ನು ಅತ್ತಿತ್ತ ಸರಿಸಿ, ಇಲ್ಲವೇ ಬೆಳಕು ಬದಲಾಗಲಿ ಎಂದು ಕಾಯಿರಿ.

ಬಣ್ಣ ಎದ್ದ ಗೋಡೆಯನ್ನೇ ಹತ್ತಿರದಿಂದ ನೋಡೋಣ. ಮಧ್ಯಾಹ್ನ ನೆತ್ತಿಯ ಮೇಲಿನ ಬಿಸಿಲು ಪಶ್ಚಿಮದ ಗೋಡೆಗೆ ಸೋಕುವುದೇ ಇಲ್ಲ, ಅಲ್ಲಿ ಬಣ್ಣದ ಹಕ್ಕಳೆಗಳು ಚಪ್ಪಟೆಯಾಗಿ, ಬರಿಯ ಎರಡು ಬಣ್ಣದ ತೇಪೆಗಳಾಗಿ ಕಾಣುತ್ತವೆ. ಸೂರ್ಯ ಪಕ್ಕಕ್ಕೆ ಸರಿದು ಬೆಳಕು ಗೋಡೆಯನ್ನು ಸವರಿಕೊಂಡು ಬರುವ ಹೊತ್ತಿಗೆ ಪ್ರತಿಯೊಂದು ಹಕ್ಕಳೆಯ ಸುರುಳಿದ ಅಂಚಿಗೆ ಒಂದು ಬಿಳಿಯ ಗೆರೆಯೂ ಅದರಡಿಯಲ್ಲಿ ಒಂದು ಕತ್ತಿಯಲಗಿನಂಥ ನೆರಳೂ ಮೂಡುತ್ತವೆ. ಹಕ್ಕಳೆ ಎಷ್ಟು ಎತ್ತರಕ್ಕೆ ಎದ್ದಿದೆಯೋ ನೆರಳು ಅದರ ಹಲವು ಪಟ್ಟು ಉದ್ದವಾಗುತ್ತದೆ, ಅಕ್ಕಪಕ್ಕದ ಎರಡು ನೆರಳುಗಳು ಕೂಡಿದಾಗ ಗೋಡೆಯಲ್ಲಿ ಇಲ್ಲದ ಮೂರನೆಯ ಆಕಾರವೊಂದು ಹುಟ್ಟುತ್ತದೆ. ತೆಗೆಯಬೇಕಾದದ್ದು ಆ ಮೂರನೆಯ ಆಕಾರವನ್ನು. ಅದರ ಅಂಚು ಫ್ರೇಮಿನ ಅಂಚನ್ನು ಎಲ್ಲಿ ಕತ್ತರಿಸುತ್ತದೆ ಎಂಬುದನ್ನು ನಾಲ್ಕೂ ಬದಿಗಳಲ್ಲಿ ನೋಡಿಕೊಳ್ಳಿ. ಅಮೂರ್ತ ಚಿತ್ರದಲ್ಲಿ ನಡುಭಾಗಕ್ಕಿಂತ ಅಂಚುಗಳ ಕೆಲಸವೇ ಹೆಚ್ಚು: ಮೂಲೆಯಲ್ಲಿ ಉಳಿದ ಒಂದು ಮೊಳೆಯ ತಲೆ, ಒಂದು ಹುಲ್ಲಿನ ಎಸಳು ಸಾಕು, ನೋಡುಗನಿಗೆ ಅಳತೆ ಸಿಕ್ಕಿಬಿಡುತ್ತದೆ ಮತ್ತು ಚಿತ್ರ ಮತ್ತೆ ಗೋಡೆಯಾಗುತ್ತದೆ.

ಎಡಿಟಿಂಗ್ ಎಲ್ಲಿ ನಿಲ್ಲಬೇಕು ಎಂಬುದಕ್ಕೂ ಆ ವಾಕ್ಯವೇ ಅಳತೆಗೋಲು. ಆ ಗೆರೆ, ಆ ಕಪ್ಪು, ಅವುಗಳ ನಡುವಿನ ಬಿಡುವು ಇವನ್ನು ಸ್ಪಷ್ಟಗೊಳಿಸುವ ತಿದ್ದುಪಡಿಯನ್ನು ಮಾಡಿ, ಉಳಿದದ್ದನ್ನು ಬಿಡಿ. ತಾವು ಸ್ಯಾಚುರೇಶನ್ ಏರಿಸುತ್ತಾ ಹೋಗುವುದಕ್ಕೆ ಬಹುಶಃ ಕಾರಣ, ಚಿತ್ರದಲ್ಲಿ ಏನೋ ಕೊರತೆ ಇದೆಯೆಂದು ತಮ್ಮ ಕಣ್ಣಿಗೆ ಗೊತ್ತಾಗಿರುವುದು. ಆ ಕೊರತೆ ರಚನೆಯದಾಗಿದ್ದರೆ ಬಣ್ಣದಿಂದ ಅದನ್ನು ತುಂಬಲಾಗುವುದಿಲ್ಲ.

---

ಹನಿಗಾಜು:

ನಾನು ಗೋಡೆಗಿಂತ ಹೆಚ್ಚಾಗಿ ಮೇಜಿನ ಮೇಲೆಯೇ ಪ್ರಯೋಗ ಮಾಡುವವಳು. ತಮಗೆ ಹೊಸ ವಸ್ತುಗಳು ಬೇಕಾದಲ್ಲಿ ಎರಡನ್ನು ಸೂಚಿಸುತ್ತೇನೆ, ಎರಡರಲ್ಲಿಯೂ ಬಣ್ಣ ಎಡಿಟಿಂಗಿನಿಂದ ಬರುವುದಲ್ಲ, ಬೆಳಕಿನಿಂದಲೇ ಬರುತ್ತದೆ.

ಮೊದಲನೆಯದಕ್ಕೆ ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪ್ ಅಥವಾ ಮಾನಿಟರ್, ಪಾರದರ್ಶಕ ಪ್ಲಾಸ್ಟಿಕ್ಕಿನ ಸ್ಕೇಲು ಅಥವಾ ಡಬ್ಬಿಯ ಮುಚ್ಚಳ, ಮತ್ತು ಒಂದು ಪೋಲರೈಸರ್ ಫಿಲ್ಟರ್ ಬೇಕು. ಫಿಲ್ಟರ್ ಇಲ್ಲದಿದ್ದರೆ ಪೋಲರೈಸ್ಡ್ ತಂಪು ಕನ್ನಡಕದ ಗಾಜೂ ಆಗುತ್ತದೆ. ಪರದೆಯ ತುಂಬ ಬಿಳಿಯ ಪುಟವೊಂದನ್ನು ತೆರೆದು, ಕನ್ನಡಕದ ಗಾಜನ್ನು ಫೋನಿನ ಲೆನ್ಸಿನ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ. ಎಲ್‌ಸಿಡಿಯಿಂದ ಹೊರಡುವ ಬೆಳಕಿನ ಕಂಪನ ಒಂದೇ ದಿಕ್ಕಿನದು, ಅದಕ್ಕೆ ಅಡ್ಡಲಾಗಿ ನಿಂತ ಗಾಜು ಅದನ್ನು ತಡೆಯುತ್ತದೆ. ಈಗ ಪ್ಲಾಸ್ಟಿಕ್ ಸ್ಕೇಲನ್ನು ಪರದೆಗೂ ಫೋನಿಗೂ ನಡುವೆ ಹಿಡಿಯಿರಿ. ಅಚ್ಚಿನಲ್ಲಿ ಎರಕ ಹೊಯ್ದಾಗ ಪ್ಲಾಸ್ಟಿಕ್ಕಿನೊಳಗೆ ಉಳಿದುಹೋದ ಒತ್ತಡಗಳು ಬೆಳಕಿನ ಆ ದಿಕ್ಕನ್ನು ಬಣ್ಣಕ್ಕೊಂದು ರೀತಿಯಲ್ಲಿ ಬದಲಿಸುವುದರಿಂದ, ಕಪ್ಪು ಹಿನ್ನೆಲೆಯ ಮೇಲೆ ನೇರಳೆ, ಹಳದಿ, ಹಸಿರು ಪಟ್ಟೆಗಳು ಬಾಗಿ ಬಳುಕಿ ಕಾಣಿಸಿಕೊಳ್ಳುತ್ತವೆ. ಸ್ಕೇಲನ್ನು ಬೆರಳಿನಿಂದ ಸ್ವಲ್ಪ ಬಗ್ಗಿಸಿದರೆ ಪಟ್ಟೆಗಳು ಕಣ್ಣೆದುರಿಗೇ ಸರಿಯುತ್ತವೆ. ಗಾಜಿನ ತುಂಡಿನ ಮೇಲೆ ಸೆಲ್ಲೊ ಟೇಪನ್ನು ಪದರ ಪದರವಾಗಿ ಅಂಟಿಸಿದರೆ ಪದರಗಳ ದಪ್ಪಕ್ಕೆ ತಕ್ಕಂತೆ ಬೇರೆ ಬೇರೆ ಬಣ್ಣದ ತುಂಡುಗಳು ಸಿಗುತ್ತವೆ, ಬೇಕಾದ ರಚನೆಯನ್ನು ಹೀಗೆ ಕೈಯಾರೆ ಕಟ್ಟಿಕೊಳ್ಳಬಹುದು. ಪರದೆಯಿಂದ ವಸ್ತುವನ್ನು ಒಂದು ಗೇಣಾದರೂ ದೂರ ಹಿಡಿಯಿರಿ, ಇಲ್ಲದಿದ್ದರೆ ಪರದೆಯ ಪಿಕ್ಸೆಲ್‌ಗಳೂ ಫೋಕಸ್ಸಿಗೆ ಬಂದು ಅಲೆಯಲೆಯಾದ ಮ್ವಾರೆ ವಿನ್ಯಾಸ ಮೂಡುತ್ತದೆ.

ಎರಡನೆಯದು ಸಾಬೂನಿನ ಪೊರೆ. ತಂತಿಯ ಬಳೆಯೊಂದನ್ನು ಸಾಬೂನು ನೀರಿನಲ್ಲಿ ಅದ್ದಿ ನೆಟ್ಟಗೆ ನಿಲ್ಲಿಸಿ, ಹಿಂದೆ ಕಪ್ಪು ಬಟ್ಟೆ ಇಳಿಬಿಟ್ಟು, ಕಿಟಕಿಯ ಬೆಳಕು ಅಥವಾ ದೀಪದ ಮುಂದೆ ಹಿಡಿದ ಬಿಳಿ ಕಾಗದ ಪೊರೆಯಲ್ಲಿ ಪ್ರತಿಫಲಿಸುವ ಕೋನವನ್ನು ಹುಡುಕಬೇಕು. ಪೊರೆಯ ಮುಂದಿನ ಮೈಯಿಂದಲೂ ಹಿಂದಿನ ಮೈಯಿಂದಲೂ ಹಿಂತಿರುಗುವ ಬೆಳಕು ಒಂದರೊಡನೊಂದು ಬೆರೆತು ಬಣ್ಣಗಳಾಗುತ್ತವೆ. ನೀರು ಕೆಳಕ್ಕೆ ಇಳಿದಂತೆಲ್ಲ ಬಣ್ಣದ ಪಟ್ಟೆಗಳೂ ಇಳಿಯುತ್ತವೆ, ಮೇಲಿನ ಭಾಗ ತೀರಾ ತೆಳುವಾದಾಗ ಬಣ್ಣ ಕಳೆದು ಕಪ್ಪಾಗುತ್ತದೆ. ಆ ಕಪ್ಪು ಕಂಡಿತೆಂದರೆ ಪೊರೆ ಒಡೆಯುವ ಹೊತ್ತು ಬಂತೆಂದು ಅರ್ಥ. ಫೋಕಸನ್ನು ಮೊದಲೇ ಬಳೆಯ ಅಂಚಿನ ಮೇಲೆ ಲಾಕ್ ಮಾಡಿಟ್ಟುಕೊಳ್ಳದಿದ್ದರೆ ಕ್ಯಾಮೆರಾ ಪೊರೆಯೊಳಗಿನ ಕಿಟಕಿಯ ಬಿಂಬವನ್ನು ಹಿಡಿಯಲು ಹೋಗಿ ತಡಕಾಡುತ್ತದೆ.

---

ಗೆರೆನೆರಳು:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೆಸರಿಲ್ಲದ ವಾಕ್ಯದ ಸಲಹೆಯನ್ನು ಇಂದಿನಿಂದಲೇ ಅನುಸರಿಸುತ್ತೇನೆ. ಇನ್ನೆರಡು ಸಂದೇಹಗಳು ಉಳಿದಿವೆ. ಕ್ಯಾಮೆರಾವನ್ನು ಬೇಕೆಂದೇ ಚಲಿಸಿ ತೆಗೆಯುವ ಚಿತ್ರಗಳನ್ನು ನಾನೂ ಪ್ರಯತ್ನಿಸಬೇಕೆಂದಿದ್ದೇನೆ, ಆದರೆ ಹಗಲಿನಲ್ಲಿ ಎಷ್ಟೇ ವೇಗವಾಗಿ ಕೈ ಆಡಿಸಿದರೂ ಫೋನಿನಲ್ಲಿ ಚಿತ್ರ ಅಲುಗದೆ ಸ್ಪಷ್ಟವಾಗಿಯೇ ಬರುತ್ತದೆ. ಎರಡನೆಯದು, ಎಡಿಟಿಂಗನ್ನು ಯಾವ ಕ್ರಮದಲ್ಲಿ ಮಾಡಬೇಕು?

---

ಹಗಲುಬೆಳಕು:

ಮೊದಲನೆಯದಕ್ಕೆ ಉತ್ತರ ಲೆಕ್ಕದಲ್ಲಿದೆ. ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ (ಬೆಳಕು ಹಾಯುವ ಲೆನ್ಸಿನ ಕಿಂಡಿ) ಬದಲಾಗುವುದಿಲ್ಲ, ಮುಖ್ಯ ಲೆನ್ಸಿನದು ಸುಮಾರು ಎಫ್/1.8 ಇರುತ್ತದೆ. ಬಿರುಬಿಸಿಲಿನಲ್ಲಿ ಐಎಸ್‌ಒವನ್ನು (ಬೆಳಕಿಗೆ ಸೆನ್ಸರಿನ ಸಂವೇದನೆಯನ್ನು) 50ಕ್ಕೆ ಇಳಿಸಿದರೂ ಶಟರ್ ವೇಗ ಸೆಕೆಂಡಿನ 4000ನೇ ಒಂದು ಭಾಗದ ಆಸುಪಾಸಿನಲ್ಲಿ ಬರುತ್ತದೆ. ಕೈಯ ಚಲನೆ ಗೆರೆಯಾಗಿ ಮೂಡಲು ಕಾಲು ಸೆಕೆಂಡಾದರೂ ಬೇಕು, ಅಂದರೆ ಸಾವಿರ ಪಟ್ಟು ಹೆಚ್ಚು ಹೊತ್ತು. ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ (ಲೆನ್ಸಿನ ಮುಂದಿಡುವ ಕಪ್ಪು ಗಾಜು) ತಗ್ಗಿಸುವುದು ಹೆಚ್ಚುಕಡಿಮೆ ಅಷ್ಟೇ ಬೆಳಕನ್ನು. ಫಿಲ್ಟರ್ ಇಲ್ಲದಿದ್ದರೆ ಸೂರ್ಯ ಮುಳುಗಿದ ನಂತರ ತೆಗೆಯಿರಿ, ಅಥವಾ ಒಳಾಂಗಣದ ಮಂದ ಬೆಳಕಿನಲ್ಲಿ. ಪ್ರೊ ಮೋಡಿನಲ್ಲಿ ಐಎಸ್‌ಒ 50, ಶಟರ್ ಕಾಲು ಸೆಕೆಂಡಿನಿಂದ ಒಂದು ಸೆಕೆಂಡು ಇಟ್ಟು, ಕೈಯ ಚಲನೆ ಶುರುವಾದ ಮೇಲೆ ಶಟರ್ ಒತ್ತಿ, ಚಿತ್ರ ಮುಗಿದ ಮೇಲೂ ಕೈಯನ್ನು ಮುಂದುವರಿಸಿ. ಮರದ ಕಾಂಡಗಳಿಗೆ ಮೇಲಿನಿಂದ ಕೆಳಗೆ, ನೀರಿನ ಅಂಚಿಗೆ ಅಡ್ಡಲಾಗಿ, ಹೀಗೆ ವಸ್ತುವಿನ ಮುಖ್ಯ ಗೆರೆಯ ದಿಕ್ಕಿನಲ್ಲಿಯೇ ಚಲಿಸಿದರೆ ಆ ಗೆರೆ ಉಳಿದು ಮಿಕ್ಕದ್ದೆಲ್ಲ ಕರಗುತ್ತದೆ. ಲೆನ್ಸನ್ನು ಸ್ಥಿರವಾಗಿಡುವ ಸ್ಟೆಬಿಲೈಸೇಶನ್ ಸಣ್ಣ ಅಲುಗಾಟವನ್ನು ನುಂಗಿಬಿಡುವುದರಿಂದ ಚಲನೆ ಧಾರಾಳವಾಗಿರಲಿ. ಐಫೋನಿನ ಸ್ವಂತ ಕ್ಯಾಮೆರಾ ಆ್ಯಪಿನಲ್ಲಿ ಶಟರ್ ವೇಗವನ್ನು ನಾವೇ ನಿಗದಿಪಡಿಸಲು ಅವಕಾಶವಿಲ್ಲ, ಬೇರೆ ಆ್ಯಪ್ ಬೇಕು. ಅದರ ಲೈವ್ ಫೋಟೊದ ಲಾಂಗ್ ಎಕ್ಸ್‌ಪೋಷರ್ ಆಯ್ಕೆ ಫೋನನ್ನು ಅಲುಗಿಸದೆ ಹರಿಯುವ ನೀರನ್ನು ತೆಗೆಯುವುದಕ್ಕೆ ಸೊಗಸು, ಕ್ಯಾಮೆರಾವನ್ನೇ ಚಲಿಸುವ ಚಿತ್ರಗಳಿಗೆ ಒದಗುವುದಿಲ್ಲ.

ಒಳಾಂಗಣದ ಎಲ್‌ಇಡಿ ದೀಪಗಳ ಕೆಳಗೆ ತೆಗೆಯುವಾಗ ಅಡ್ಡಪಟ್ಟೆಗಳು ಕಂಡರೆ ಗಾಬರಿಯಾಗಬೇಡಿ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಲವು ದೀಪಗಳು ಸೆಕೆಂಡಿಗೆ 100 ಸಲ, 60 ಹರ್ಟ್ಸ್ ಇರುವಲ್ಲಿ 120 ಸಲ ಮಿನುಗುತ್ತವೆ, ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಆ ಮಿನುಗು ಪಟ್ಟೆಯಾಗುತ್ತದೆ. ಶಟರನ್ನು 1/50 ಅಥವಾ 1/100ಕ್ಕೆ, 60 ಹರ್ಟ್ಸ್‌ನಲ್ಲಾದರೆ 1/60 ಅಥವಾ 1/120ಕ್ಕೆ ಇಟ್ಟರೆ ಅವು ಮಾಯವಾಗುತ್ತವೆ.

---

ಕಪ್ಪುಬಿಳುಪು:

ಎಡಿಟಿಂಗ್ ಕ್ರಮದ ಬಗ್ಗೆ ನಾನು ಹೇಳುತ್ತೇನೆ, ಜೊತೆಗೆ ಕಂಬಿನೆರಳು ಅವರ ಒಂದು ಮಾತಿಗೆ ನನ್ನ ಭಿನ್ನಾಭಿಪ್ರಾಯವೂ ಇದೆ.

ಮೊದಲು ಪರದೆಯನ್ನು ಸರಿಪಡಿಸಿಕೊಳ್ಳಿ. ಆಟೊ ಬ್ರೈಟ್‌ನೆಸ್, ಕಣ್ಣಿಗೆ ತಂಪೆಂದು ಪರದೆಯನ್ನು ಹಳದಿಯಾಗಿಸುವ ನೈಟ್ ಮೋಡ್ ಇವೆರಡನ್ನೂ ಆಫ್ ಮಾಡಿ, ಪ್ರಕಾಶವನ್ನು ಮಧ್ಯಮ ಮಟ್ಟದಲ್ಲಿಡಿ. ರಾತ್ರಿ ಮಂಕಾದ ಹಳದಿ ಪರದೆಯ ಮೇಲೆ ತಿದ್ದಿದ್ದು ಹಗಲಿನಲ್ಲಿ ರಾಚುವುದು ಸಹಜ. ತಮ್ಮ ಮರುದಿನದ ನಿರಾಶೆಗೆ ಅರ್ಧ ಕಾರಣ ಇದೇ ಇರಬಹುದು.

ಅನಂತರ ಕ್ರಾಪ್ ಮತ್ತು ತಿರುಗಿಸುವಿಕೆ. ಚಿತ್ರವನ್ನು ತಲೆಕೆಳಗು ಮಾಡಿ ನೋಡಿ, ಪಕ್ಕಕ್ಕೆ ತಿರುಗಿಸಿ ನೋಡಿ. ತಲೆಕೆಳಗಾದಾಗ ವಸ್ತುವಿನ ಗುರುತು ಹಿಂದೆ ಸರಿದು ಭಾರ ಯಾವ ಕಡೆ ವಾಲಿದೆಯೆಂಬುದು ಸ್ಪಷ್ಟವಾಗುತ್ತದೆ. ಹಾಗೆಯೇ ಚಿತ್ರವನ್ನು ಗ್ಯಾಲರಿಯ ಸಣ್ಣ ಚೌಕದಲ್ಲಿ ನೋಡಿ. ಉಗುರಿನಷ್ಟು ಗಾತ್ರದಲ್ಲಿ ಏನೂ ಉಳಿಯದ ಚಿತ್ರ ಬರಿಯ ಮೇಲ್ಮೈಯ ವಿವರವನ್ನೇ ನಂಬಿಕೊಂಡಿದೆ ಎಂದರ್ಥ.

ಮೂರನೆಯದಾಗಿ ಬೆಳಕು. ಕಾಂಟ್ರಾಸ್ಟ್ ಸ್ಲೈಡರನ್ನು ಬಿಟ್ಟು ಕರ್ವ್ಸ್ (ಕಪ್ಪಿನಿಂದ ಬಿಳುಪಿನವರೆಗಿನ ಮಟ್ಟಗಳನ್ನು ಬೇರೆ ಬೇರೆಯಾಗಿ ತಿದ್ದುವ ಗೆರೆ) ಬಳಸುವುದನ್ನು ಕಲಿಯಿರಿ. ಸ್ಲೈಡರ್ ಕಪ್ಪನ್ನೂ ಬಿಳುಪನ್ನೂ ಒಟ್ಟಿಗೆ ಎಳೆಯುತ್ತದೆ, ಕರ್ವ್ಸ್‌ನಲ್ಲಿ ಕೆಳಗಿನ ಬಿಂದುವನ್ನು ಮಾತ್ರ ಇಳಿಸಿ ನೆರಳನ್ನು ಗಟ್ಟಿ ಮಾಡುತ್ತಲೇ ನಡುವಿನ ಬೂದುಗಳನ್ನು ಮೃದುವಾಗಿ ಉಳಿಸಿಕೊಳ್ಳಬಹುದು. ಜೆಪೆಗ್ ಫೈಲಿನಲ್ಲಿ ಪ್ರತಿ ಬಣ್ಣಕ್ಕೆ ಇರುವುದು 256 ಮಟ್ಟಗಳು ಮಾತ್ರ; ಮಂಜಿನಂಥ ನುಣುಪಾದ ಹಿನ್ನೆಲೆಯನ್ನು ಹೆಚ್ಚು ಎಳೆದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ನಯವಾದ ಛಾಯೆಗಳೇ ಮುಖ್ಯವಾದ ಚಿತ್ರಗಳಿಗೆ ರಾ ಫೈಲ್ ಬೇಕೇ ಬೇಕೆನ್ನುವುದು ಇದಕ್ಕಾಗಿ.

ಬಣ್ಣ ಕೊನೆಗೆ ಬರಲಿ. ಇಲ್ಲಿ ನನ್ನದೊಂದು ರೂಢಿ ಇದೆ: ಬಣ್ಣಕ್ಕೆ ಕೈಹಾಕುವ ಮೊದಲು ಸ್ಯಾಚುರೇಶನನ್ನು ಸೊನ್ನೆಗೆ ಇಳಿಸಿ ನೋಡುತ್ತೇನೆ. ಕಪ್ಪುಬಿಳುಪಿನಲ್ಲಿಯೂ ಚಿತ್ರ ನಿಂತರೆ ಬಣ್ಣವನ್ನು ಹಿತಮಿತವಾಗಿ ಮರಳಿ ತರುತ್ತೇನೆ, ಎಷ್ಟೋ ಸಲ ತರುವುದೇ ಇಲ್ಲ. ಕಪ್ಪುಬಿಳುಪಿನಲ್ಲಿ ಕುಸಿದುಬಿದ್ದರೆ ಅದು ಬಣ್ಣದಿಂದಲೇ ಬದುಕುವ ಚಿತ್ರ. ಅದೂ ಒಪ್ಪತಕ್ಕದ್ದೇ, ಆದರೆ ಆಗ ಯಾವ ಎರಡು ಬಣ್ಣಗಳ ನಡುವೆ ಮಾತುಕತೆ ನಡೆದಿದೆಯೋ ಅವೆರಡನ್ನೇ ಪ್ರತ್ಯೇಕವಾಗಿ ತಿದ್ದಬೇಕು, ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಏರಿಸಬಾರದು. ತುಕ್ಕಿನ ಕಿತ್ತಳೆಯೂ ಪಕ್ಕದ ನೀಲಿ ಬಣ್ಣವೂ ಒಂದೇ ಹೊಳಪಿನವಾಗಿದ್ದರೆ ಕಪ್ಪುಬಿಳುಪಿನಲ್ಲಿ ಎರಡೂ ಒಂದೇ ಬೂದಾಗಿ ಕಲಸಿಹೋಗುತ್ತವೆ. ಲೈಟ್‌ರೂಮಿನ ಕಪ್ಪುಬಿಳುಪು ಮಿಕ್ಸಿನಲ್ಲಿ ನೀಲಿಯನ್ನು ಇಳಿಸಿ ಕಿತ್ತಳೆಯನ್ನು ಏರಿಸಿದರೆ ಅವು ಮತ್ತೆ ಬೇರೆಯಾಗುತ್ತವೆ. ಗಾಢ ಕೆಂಪು ಮೇಲ್ಮೈಗಳ ಬಗ್ಗೆ ಹೆಚ್ಚಿನ ಎಚ್ಚರ ಬೇಕು: ಸ್ಯಾಚುರೇಶನ್ ಏರಿದಂತೆ ಕೆಂಪು ಚಾನಲ್ ತುಂಬಿಹೋಗಿ, ಇದ್ದ ಒರಟುತನವೆಲ್ಲ ಅಳಿಸಿ ಬರಿಯ ಬಣ್ಣದ ಹಾಳೆಯಾಗುತ್ತದೆ. ಸ್ಟ್ರಕ್ಚರ್, ಶಾರ್ಪ್‌ನಿಂಗ್ ಇವು ಚಿತ್ರದ ಎಲ್ಲ ಕಡೆಯೂ ಬೇಕಾಗುವುದು ಅಪರೂಪ. ಸ್ನ್ಯಾಪ್‌ಸೀಡ್ ಎಂಬ ಎಡಿಟಿಂಗ್ ಆ್ಯಪಿನ ವ್ಯೂ ಎಡಿಟ್ಸ್‌ಗೆ ಹೋಗಿ ಆ ಪರಿಣಾಮವನ್ನು ಬ್ರಷ್‌ನಿಂದ ಬೇಕಾದ ಜಾಗಕ್ಕೆ ಮಾತ್ರ ಹಚ್ಚಬಹುದು.

ಇನ್ನು ಭಿನ್ನಾಭಿಪ್ರಾಯ. ತೆಗೆಯುವ ಮೊದಲೇ ಚಿತ್ರ ಪೂರ್ತಿಯಾಗಿರಬೇಕು, ಎಡಿಟಿಂಗ್ ಅದನ್ನು ಒರೆಸಿ ಕೊಡುವ ಕೆಲಸವಷ್ಟೇ ಎಂಬ ಧ್ವನಿ ಕಂಬಿನೆರಳು ಅವರ ಬರಹದಲ್ಲಿದೆ. ಇದನ್ನು ನಾನು ಪೂರ್ತಿ ಒಪ್ಪಲಾರೆ. 1917ರಲ್ಲಿ ಆಲ್ವಿನ್ ಲ್ಯಾಂಗ್‌ಡನ್ ಕೋಬರ್ನ್ ಮೂರು ಕನ್ನಡಿಗಳನ್ನು ತ್ರಿಕೋನವಾಗಿ ಜೋಡಿಸಿ ಅದರ ಮೂಲಕ ತೆಗೆದ ವೋರ್ಟೊಗ್ರಾಫ್‌ಗಳು ಅಮೂರ್ತ ಛಾಯಾಚಿತ್ರದ ಮೊದಲ ಮೈಲಿಗಲ್ಲುಗಳಲ್ಲಿ ಸೇರಿವೆ. ಮ್ಯಾನ್ ರೇ ಮತ್ತು ಮೊಹೊಲಿ ನಾಜ್ 1920ರ ದಶಕದಲ್ಲಿ ಕ್ಯಾಮೆರಾವನ್ನೇ ಬಿಟ್ಟು ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆ ವಸ್ತುಗಳನ್ನಿಟ್ಟು ಬೆಳಕು ಹಾಯಿಸಿದರು. ಹಾಗಿರುವಾಗ ಸ್ನ್ಯಾಪ್‌ಸೀಡ್‌ನ ಡಬಲ್ ಎಕ್ಸ್‌ಪೋಷರಿನಲ್ಲಿ ಎರಡು ಚಿತ್ರಗಳನ್ನು ಲೈಟನ್ ವಿಧಾನದಿಂದ (ಎರಡರಲ್ಲಿ ಹೆಚ್ಚು ಬೆಳಕಿನದನ್ನು ಉಳಿಸಿ) ಬೆರೆಸುವುದಾಗಲಿ, ಬಣ್ಣಗಳನ್ನು ತಿರುವುಮುರುವು ಮಾಡುವುದಾಗಲಿ ಚಿತ್ರ ಕಟ್ಟುವ ಕೆಲಸವೇ ಹೊರತು ಕೊರತೆ ಮುಚ್ಚುವ ಕೆಲಸವಲ್ಲ.

---

ಕಂಬಿನೆರಳು:

ಕಪ್ಪುಬಿಳುಪು ಅವರ ಆಕ್ಷೇಪ ನ್ಯಾಯವಾದದ್ದು. ಬೆರೆಸುವುದನ್ನೇ ಉದ್ದೇಶವಾಗಿ ಇಟ್ಟುಕೊಂಡು ಎರಡು ಚಿತ್ರಗಳನ್ನು ತೆಗೆದಾಗ ಎಡಿಟಿಂಗ್ ಕೂಡ ತೆಗೆಯುವ ಕ್ರಿಯೆಯದೇ ಮುಂದುವರಿಕೆ; ಇದನ್ನು ನಾನು ಒಪ್ಪುತ್ತೇನೆ. ಒಂದು ವಿಚಾರದಲ್ಲಿ ಮಾತ್ರ ನನ್ನ ಎಚ್ಚರಿಕೆ ಉಳಿಯುತ್ತದೆ, ಅದು ಆ್ಯಪುಗಳಲ್ಲಿ ಸುಲಭವಾಗಿ ಸಿಗುವ ಮಿರರ್ ಪರಿಣಾಮದ ಬಗ್ಗೆ. ಯಾವುದೇ ಚಿತ್ರವನ್ನು ನಟ್ಟನಡುವೆ ಮಡಿಸಿ ಸಮ್ಮಿತಿ ತಂದರೂ ಅದು ಮೊದಲ ನೋಟಕ್ಕೆ ಸುಂದರವಾಗಿಯೇ ಕಾಣುತ್ತದೆ, ಮತ್ತು ಕಣ್ಣು ಅದರಲ್ಲಿ ತಕ್ಷಣ ಒಂದು ಮುಖವನ್ನೋ ಕೀಟವನ್ನೋ ಕಂಡುಕೊಳ್ಳುತ್ತದೆ. ಅರ್ಧ ನೋಡಿದರೆ ಉಳಿದರ್ಧ ನೋಡಬೇಕಾಗಿಲ್ಲ. ಕೋಬರ್ನ್ ಅವರ ಕನ್ನಡಿಗಳು ಬಿಂಬವನ್ನು ಚೂರು ಚೂರಾಗಿ ಒಡೆದು ಕೋನಗಳನ್ನು ಒಂದರೊಳಗೊಂದು ಹೆಣೆದವು, ಸಮಪಾಲು ಮಾಡಲಿಲ್ಲ.

ಹೆಸರಿಡುವ ಬಗ್ಗೆಯೂ ಒಂದು ಮಾತು, ಪ್ರಶ್ನೆ ಕೇಳಿದವರಿಗೆ. "ಇದೇನೆಂದು ಹೇಳಿ" ಎಂಬರ್ಥದ ಶೀರ್ಷಿಕೆಯಾಗಲಿ, "ಏಕಾಂತ", "ಅನಂತ" ಮುಂತಾದ ಭಾರದ ಶೀರ್ಷಿಕೆಗಳಾಗಲಿ ಬೇಡ. "ಗೋಡೆ, ಸಂಜೆ" ಎಂದಷ್ಟೇ ಬರೆಯಿರಿ. ವಸ್ತುವನ್ನು ಮೊದಲೇ ಹೇಳಿಬಿಟ್ಟರೆ ನೋಡುಗ ಊಹಿಸುವ ಕೆಲಸದಿಂದ ಬಿಡುಗಡೆ ಹೊಂದಿ ನೋಡುವ ಕೆಲಸಕ್ಕೆ ತೊಡಗುತ್ತಾನೆ.

---

ಗೆರೆನೆರಳು:

ಬಹಳ ಉಪಕಾರವಾಯಿತು. ಶೀರ್ಷಿಕೆಯಲ್ಲಿಯೇ ವಸ್ತುವನ್ನು ಹೇಳುವುದು ನನಗೆ ಹೊಳೆದಿರಲಿಲ್ಲ. ಕೊನೆಯದಾಗಿ, ಆಯ್ದ ಕೆಲವನ್ನು ಮುದ್ರಿಸಿ ಗೋಡೆಗೆ ಹಾಕುವ ಆಸೆಯಿದೆ. ಫೋನಿನ ಚಿತ್ರ ಎಷ್ಟು ದೊಡ್ಡದಾಗಿ ಮುದ್ರಿಸಲು ಬರುತ್ತದೆ?

---

ಹಗಲುಬೆಳಕು:

12 ಮೆಗಾಪಿಕ್ಸೆಲ್ ಚಿತ್ರವೆಂದರೆ ಸಾಮಾನ್ಯವಾಗಿ 4032 × 3024 ಪಿಕ್ಸೆಲ್‌ಗಳು. ಇಂಚಿಗೆ 300 ಪಿಕ್ಸೆಲ್‌ಗಳಂತೆ ಮುದ್ರಿಸಿದರೆ ಸುಮಾರು 13 × 10 ಇಂಚು ಆಗುತ್ತದೆ. ಉದ್ದ ಅಗಲಗಳೆರಡನ್ನೂ ಅರ್ಧಕ್ಕೆ ಕ್ರಾಪ್ ಮಾಡಿದ್ದರೆ ಉಳಿಯುವುದು ಅದರ ಅರ್ಧ ಅಳತೆ ಮಾತ್ರ. ತೆಗೆಯುವಾಗಲೇ ಫ್ರೇಮನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಗೋಡೆಯ ಮೇಲಿನ ಚಿತ್ರವನ್ನು ಒಂದೆರಡು ಮಾರು ದೂರದಿಂದ ನೋಡುವುದರಿಂದ ಇಂಚಿಗೆ 150 ಪಿಕ್ಸೆಲ್‌ಗಳಿಗೆ ಇಳಿಸಿದರೂ ನಡೆಯುತ್ತದೆ, ಚಲನೆಯಿಂದ ಕರಗಿದ ಚಿತ್ರಗಳಿಗಂತೂ ಅದು ಧಾರಾಳವಾಯಿತು. ಫೈಲನ್ನು ಮುದ್ರಕರಿಗೆ ಕಳುಹಿಸುವಾಗ ಮೆಸೇಜಿಂಗ್ ಆ್ಯಪಿನಲ್ಲಿ ಫೋಟೊ ಎಂದು ಕಳುಹಿಸಿದರೆ ಅದು ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಅಥವಾ ಇಮೇಲ್‌ನಲ್ಲಿ ಲಗತ್ತಿಸಿ ಕಳುಹಿಸಿ.

ಕಾಗದ ತಾನಾಗಿ ಬೆಳಗುವುದಿಲ್ಲವಾದ್ದರಿಂದ ಮುದ್ರಣ ಪರದೆಗಿಂತ ಗಾಢವಾಗಿಯೇ ಬರುತ್ತದೆ. ತಾವು ಪಟ್ಟು ಹಿಡಿದು ಉಳಿಸಿಕೊಂಡ ಕಪ್ಪಿನೊಳಗೆ ಏನಾದರೂ ವಿವರ ಕಾಣಬೇಕೆಂದಿದ್ದರೆ ಮುದ್ರಣದ ಪ್ರತಿಯಲ್ಲಿ ಮಾತ್ರ ನೆರಳಿನ ಭಾಗವನ್ನು ಕರ್ವ್ಸ್‌ನಲ್ಲಿ ಕೊಂಚ ಎತ್ತಿ, ಮೊದಲು ಒಂದು ಸಣ್ಣ ಪ್ರತಿ ತೆಗೆಸಿ ನೋಡಿ, ಆಮೇಲೆ ದೊಡ್ಡದಕ್ಕೆ ಕೊಡಿ.